ಬೀದಿಯ ಬೀಗವೆಲ್ಲ ಚಿಕ್ಕಪ್ಪನ ಸೊಂಟದಲ್ಲಿ

ನಮ್ಮ ಚಿಕ್ಕಪ್ಪನಷ್ಟು ನಂಬಿಕಸ್ಥ ಮನುಷ್ಯ ಮುಳಬಾಗಿಲಿನಲ್ಲಿ ಇನ್ನೊಬ್ಬನಿರಲಿಲ್ಲ. ಒಬ್ಬನೇ ಇದ್ದದ್ದು ಊರಿನ ಪುಣ್ಯ. ಇಬ್ಬರಿದ್ದಿದ್ದರೆ ನಾವೆಲ್ಲ ಊರು ಬಿಟ್ಟು ಬೈರಕೂರಿಗೆ ಓಡಬೇಕಾಗುತ್ತಿತ್ತು!

ಊರು ಬಿಡುವ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಆಗೆಲ್ಲ ಪ್ಲೇಗು ಬಂದು ಇಲಿ ಸತ್ತು ಬೀಳತೊಡಗಿದರೆ ಜನ ಮನೆಗೆ ಬೀಗ ಹಾಕಿ, ಊರಾಚೆಯ ಮಾವಿನ ತೋಪಿನಲ್ಲಿ ಗುಡಿಸಲು ಹಾಕಿಕೊಂಡಿರುತ್ತಿದ್ದರು. ನಾನು ಚಿಕ್ಕವಳಿದ್ದಾಗ ನಾವೂ ಹಾಗೆ ಹೋದೆವು. ಖಾಲಿ ಮನೆಗಳನ್ನು ಕಾಯಲು ಸೇವಾ ಸಂಘದವರು ಸ್ವಯಂಸೇವಕರನ್ನು ಕರೆದಾಗ ನಮ್ಮ ಬೀದಿಗೆ ಮುಂದೆ ಬಂದವನು ಚಿಕ್ಕಪ್ಪ. ಮನೆಮನೆಯ ಬೀಗದ ಕೈ ಅವನ ಉಡಿದಾರ ಸೇರಿತು. ನಡೆದರೆ ಜಟಕಾ ಬಂದಂತೆ ಸದ್ದು! ಸಂಘದ ನಿಯಮ ಒಂದೇ: ಯಾರು ಕೊಟ್ಟರೋ ಅವರಿಗೇ ವಾಪಸ್ಸು.

ನಮ್ಮ ಮನೆಯದನ್ನು ಕೊಟ್ಟವಳು ಅಮ್ಮ. "ನನಗೇ ಕೊಡ್ಬೇಕು ಕಣಪ್ಪಾ. ನಿಮ್ಮಣ್ಣನಿಗೆ ಕೊಟ್ರೆ ಬಾಗಿಲು ಒಡೆಸ್ಬೇಕಾಗುತ್ತೆ" ಎಂದು ನಕ್ಕಳು. ಅಪ್ಪ ಕೊಡೆ, ಕನ್ನಡಕ, ಒಮ್ಮೆ ನನ್ನನ್ನೂ ಸಂತೆಯಲ್ಲಿ ಮರೆತು ಬಂದ ಪ್ರಖ್ಯಾತರು. ಚಿಕ್ಕಪ್ಪ ನಗಲಿಲ್ಲ. "ಆಯ್ತು ಅತ್ತಿಗೆ" ಎಂದು ಗಂಟು ಬಿಗಿದ.

ತೋಪು ಸೇರಿದ ವಾರದಲ್ಲೇ ಚಿಕ್ಕಮ್ಮನಿಗೆ ತನ್ನ ಮನೆಯ ಉಪ್ಪಿನಕಾಯಿ ನೆನಪಾಯಿತು. ಗಂಡ ದಿನಾ ಬೀದಿಗೆ ಹೋಗಿ ಬರುತ್ತಾನಲ್ಲ, ಒಂದು ಜಾಡಿ ತಂದರೇನು?

"ಸಂಘದವರನ್ನ ಕೇಳ್ಬೇಕು" ಎಂದ ಚಿಕ್ಕಪ್ಪ.

"ನಮ್ಮ ಬೀದಿಗೆ ಸಂಘ ಅಂದ್ರೆ ನೀವೇ ಅಲ್ವಾ?"

"ಹೌದು. ಕೇಳಿ ನೋಡ್ತೀನಿ."

ಮರುದಿನ ಬರಿಗೈಯಲ್ಲಿ ಬಂದು, ಸಂಘ ಒಪ್ಪಲಿಲ್ಲ ಎಂದ! ಚಿಕ್ಕಮ್ಮ ವಾರವಿಡೀ ಸಂಘಕ್ಕೆ ಸಪ್ಪೆ ಸಾರು ಬಡಿಸಿದಳು.

ಇಲಿ ಬಿದ್ದಿದೆಯೇ ಎಂದು ಮನೆಗಳ ಒಳಗೆ ಹೋಗಿ ನೋಡುವುದೂ ಅವನ ಕೆಲಸವೇ. ಖಾಲಿ ಮನೆಯೆಂದು ನುಗ್ಗುವ ಜಾಯಮಾನ ಅವನದಲ್ಲ. ಬೀಗ ತೆಗೆದು, ಹೊಸ್ತಿಲ ಹೊರಗೇ ನಿಂತು, "ಒಳಗೆ ಬರ್ಲಾ?" ಎಂದು ಕೂಗಿ ಸ್ವಲ್ಪ ಹೊತ್ತು ಕಾಯುತ್ತಿದ್ದ. ಯಾರು ಉತ್ತರ ಕೊಡಬೇಕು? ಹೆಗ್ಗಣವೇ? ಪಕ್ಕದ ಬೀದಿ ಕಾಯುವವರು ಇದನ್ನು ತೋಪಿನಲ್ಲಿ ಅಭಿನಯಿಸಿ ತೋರಿಸಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಅಮ್ಮ.

ರಂಗೋಲಿಯಿಲ್ಲದ ಹೊಸ್ತಿಲೆಂದರೆ ಸಾವಾದ ಮನೆ. ಬದುಕಿರುವವರ ಮನೆ ಹಾಗಿರಬಾರದೆಂದು ಒಂದು ಬೆಳಗ್ಗೆ ಚಿಕ್ಕಪ್ಪ ಬೀದಿಯುದ್ದಕ್ಕೂ ರಂಗೋಲಿ ಇಟ್ಟ. ಬಳೆ ಸಾಬರ ಮನೆಯನ್ನೂ ಬಿಡಲಿಲ್ಲ. ಆ ದಾರಿಯಲ್ಲಿ ಹಾದ ಗಾಡಿಯವನೊಬ್ಬ ಅದನ್ನು ನೋಡಿ, ಜನ ಆಗಲೇ ಮರಳಿದ್ದಾರೆಂದು ತೋಪಿನಲ್ಲಿ ಸಾರಿಬಿಟ್ಟ. ಮಧ್ಯಾಹ್ನದೊಳಗೆ ಅರ್ಧ ಬೀದಿ ಗಂಟುಮೂಟೆ ಸಮೇತ ಹಾಜರು! ಡಾಕ್ಟರು ಇನ್ನೂ ಹೂಂ ಅಂದಿರಲಿಲ್ಲ. ಚಿಕ್ಕಪ್ಪ ಎರಡೂ ಕೈಯಲ್ಲಿ ಸೊಂಟ ಹಿಡಿದು ಬೀದಿಯ ತುದಿಯಲ್ಲಿ ನಿಂತು, ಒಬ್ಬೊಬ್ಬರನ್ನೂ ವಾಪಸ್ಸು ಅಟ್ಟಿದ.

ಕೊನೆಗೂ ಡಾಕ್ಟರು ಹೂಂ ಅಂದರು. ಮೊದಲು ಬಂದವರು ಸಂಘದ ಅಧ್ಯಕ್ಷರಾದ ವಕೀಲರು. ನಿಯಮ ಮಾಡಿದ್ದೇ ಅವರು. ಆದರೆ ಅವರ ಮನೆಯ ಬೀಗದ ಕೈ ಕೊಟ್ಟಿದ್ದವರು ಅವರ ತಾಯಿ! ತಾಯಿಯ ಗಾಡಿ ಬರುವ ತನಕ ವಕೀಲರು ತಮ್ಮದೇ ಜಗಲಿಯ ಮೇಲೆ ಕೂತರು. ಮುದುಕಿ ಇಳಿದವರೇ, "ನಿಮ್ಮ ಸಂಘದಲ್ಲಿ ಇವನೊಬ್ಬನೇ ಮಂಚಿವಾಡು, ಒಳ್ಳೆಯವನು ಕಣೋ" ಎಂದು ತೆಲುಗು ಬೆರೆಸಿ ಮಗನಿಗೆ ಹೇಳಿದರು.

ಸಂಜೆಗೆ ಉಡಿದಾರದಲ್ಲಿ ಉಳಿದದ್ದು ಒಂದೇ, ನಮ್ಮದು. ಊರಿಗೆ ಮರಳುವುದಕ್ಕೆ ಕೆಲವು ದಿನ ಮೊದಲು ಅಮ್ಮ ಜ್ವರ ಬಂದು, ಕಂಕುಳಲ್ಲಿ ಗಡ್ಡೆಯೆದ್ದು, ತೋಪಿನಲ್ಲೇ ತೀರಿಕೊಂಡಿದ್ದಳು. ಬೀದಿಗೆಲ್ಲ ರಂಗೋಲಿ ಬಿದ್ದಿತ್ತು. ನಮ್ಮ ಹೊಸ್ತಿಲು ಮಾತ್ರ ಬರಿದಾಗಿತ್ತು.

ಅಪ್ಪ ಕೈ ಚಾಚಲಿಲ್ಲ. ಚಿಕ್ಕಪ್ಪ ಅವರಿಗೆ ಕೊಡಲೂ ಇಲ್ಲ. ನಿಧಾನವಾಗಿ ಗಂಟು ಬಿಚ್ಚಿ, ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ.

"ನಿಮ್ಮಮ್ಮ ಕೊಟ್ಟಿದ್ದು. ಎಲ್ಲಾ ಅವಳಿಟ್ಟ ಹಾಗೇ ಇದೆ ಮಗಾ" ಎಂದ. ನನಗೆ ಅಲ್ಲಿಯ ತನಕ ಬಾರದ ಅಳು ಆಗ ಬಂತು.

ಬೀಗ ತೆಗೆದೆವು. ಚಿಕ್ಕಪ್ಪ ಎಂದಿನಂತೆ ಹೊಸ್ತಿಲ ಹೊರಗೇ ನಿಂತು, "ಅತ್ತಿಗೆ, ಒಳಗೆ ಬರ್ಲಾ?" ಎಂದು ಕೂಗಿದ. ನಾನೂ ಅಪ್ಪನೂ ಅವನ ಪಕ್ಕದಲ್ಲಿ ನಿಂತು ಕಾದೆವು.