ಮಸಿ ಹತ್ತದ ಬೆರಳು

ಬಹಳ ಹಿಂದೆ, ಅಂದರೆ ನಿಮ್ಮ ಮನೆಗೆ ಪೇಪರು ಬೀಳುವುದಕ್ಕೂ ಮುಂಚೆ, ಗದ್ದಲಾವತಿ ಎಂಬ ರಾಜಧಾನಿಯುಳ್ಳ ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಪ್ರಸನ್ನಮೌಳಿಯವರು ಉಪ್ಪರಿಗೆಯ ಮೇಲಿಂದ ಆಳುತ್ತಿದ್ದರು. ಕೆಳಗಿಳಿದು ಆಳುವ ಪದ್ಧತಿ ಇರಲಿಲ್ಲ.

ಪಟ್ಟಣಕ್ಕೆ ಮೇಯರ್ ಚುನಾವಣೆ ಬಂತು. ಹತ್ತೊಂಬತ್ತು ವರ್ಷದಿಂದ ಘನಗಂಭೀರರಾಯರೇ ಆ ಕುರ್ಚಿಯಲ್ಲಿ ಕೂತು ಕೂತು ಅದರ ಆಕಾರಕ್ಕೇ ಬಂದಿದ್ದರು. ಈ ಸಲ ಅವರೆದುರು ಚಂಪಕೇಶನೆಂಬ ಹೊಸಬ ನಿಂತ. ಅಭ್ಯರ್ಥಿಗಳಿಗೆ ಛತ್ರಿ ಹಿಡಿಯಲು ಆಳಿರುವ ಆ ಊರಿನಲ್ಲಿ ಅವನು ತನ್ನ ಛತ್ರಿಯನ್ನು ತಾನೇ ಹಿಡಿದು ಬಂದ. ಅಷ್ಟೇ ನೋಡಿ, ಊರು ಎರಡು ಹೋಳಾಯಿತು.

"ಎಂಥ ಸರಳ ಮನುಷ್ಯ ಕಣ್ರೀ! ನೋಡಿದ್ರೆ ಕಣ್ಣಲ್ಲಿ ನೀರು ಬರುತ್ತೆ" ಎಂದರು ಅರ್ಧ ಜನ.

"ಇವತ್ತು ತನ್ನ ಛತ್ರಿ ಹಿಡೀತಾನೆ. ನಾಳೆ ನಿಮ್ಮ ಛತ್ರಿ ಕಿತ್ಕೊಳ್ಳಲ್ಲ ಅಂತ ಏನು ಗ್ಯಾರಂಟಿ?" ಎಂದರು ಇನ್ನರ್ಧ.

ಬೀಗರು ಬೀಗರ ಮನೆಯ ಊಟ ಬಿಟ್ಟರು. ಕ್ಷೌರದಂಗಡಿಯಲ್ಲಿ ಒಬ್ಬರ ಗಡ್ಡ ಅರ್ಧಕ್ಕೇ ನಿಂತಿತು, ಕತ್ತಿ ಹಿಡಿದವನು ಇನ್ನೊಂದು ಪಕ್ಷ. ಗೆದ್ದರೆ ಚಂಪಕೇಶ ಏನು ಮಾಡುತ್ತಾನೆಂದು ಕೇಳುವಷ್ಟು ಪುರುಸೊತ್ತು ಮಾತ್ರ ಯಾರಿಗೂ ಇರಲಿಲ್ಲ.

"ಪ್ರಭೋ, ಪ್ರಜೆಗಳ ಪ್ರತಿಕ್ರಿಯೆ ಬಿಸಿಯಾಗಿದೆ. ಆರುವುದರೊಳಗೆ ಡೇಟಾ ಮಾಡಿಬಿಡೋಣ" ಎಂದ ಮಂತ್ರಿ ಸ್ತುತಿಸಾಗರ.

"ನಮಗೂ ಅದೇ ಹೊಳೆಯುವುದರಲ್ಲಿತ್ತು."

"ಹೊಳೆದೇ ಇತ್ತು ಪ್ರಭೋ. ನಾನು ಆ ಬೆಳಕಿನಲ್ಲಿ ಮಾತಾಡಿದೆ."

ರಾಜಾಜ್ಞೆ ಹೊರಟಿತು: ಹೊಸಬನ ಕುರಿತು ಪ್ರತಿಯೊಬ್ಬ ಪ್ರಜೆಯೂ ತನ್ನ ಪ್ರತಿಕ್ರಿಯೆಯನ್ನು ನೋಂದಾಯಿಸತಕ್ಕದ್ದು. ಫಾರಮ್ಮಿನಲ್ಲಿ ಎರಡೇ ಕಾಲಂ: ಹರ್ಷ, ದಿಗಿಲು. ಒಬ್ಬರೇ ಎರಡು ಸಲ ಪ್ರತಿಕ್ರಿಯಿಸದಿರಲೆಂದು ಬೆರಳಿಗೆ ಅಳಿಸಲಾಗದ ಮಸಿ. ಮಸಿಯನ್ನು ಚುನಾವಣೆಯ ಉಗ್ರಾಣದಿಂದಲೇ ತರಿಸಿದರು.

ಹಗ್ಗದ ಬೀದಿಯ ಪುಟ್ಟಲಿಂಗಮ್ಮ ಕೌಂಟರಿಗೆ ಬಂದಳು. ಆಕೆಯ ಮನೆ ಮುಂದಿನ ಚರಂಡಿಗೆ ಮೂರು ಚಪ್ಪಡಿಗಳಿದ್ದವು. ನಡುವಿನದು ಹೋಗಿ ವರ್ಷವಾಗಿತ್ತು. ಕಣ್ಣು ಮಂಜಾದ ಗಂಡ ಸಿದ್ದಯ್ಯ ಆ ಸಂದಿಯಲ್ಲಿ ಎರಡು ಸಲ ಬಿದ್ದು ಹಾಸಿಗೆ ಹಿಡಿದಿದ್ದ. ಅವನ ಬೆರಳಿಗೆ ಮನೆಗೇ ಬಂದು ಮಸಿ ಹಚ್ಚಿದ್ದರು; ನರಳಿದ್ದನ್ನು ದಿಗಿಲೆಂದು ಬರೆದುಕೊಂಡಿದ್ದರು.

"ಹರ್ಷವೋ ದಿಗಿಲೋ, ಬೇಗ ಹೇಳಮ್ಮ" ಎಂದ ಗುಮಾಸ್ತ.

"ಎರಡೂ ಅಲ್ಲ ಕಣಪ್ಪ. ಆವಯ್ಯ ಚಪ್ಪಡಿ ಹಾಕಿಸ್ತಾನಾ ಅಂತ ಕೇಳ್ಬೇಕಾಗಿತ್ತು."

"ಅದಕ್ಕೆ ಕಾಲಂ ಇಲ್ಲ."

"ಹಂಗಾದ್ರೆ ಒಂದು ಗೆರೆ ಎಳ್ಕೊ."

"ಗೆರೆ ಎಳೆಯೋಕೆ ಟೆಂಡರ್ ಕರೀಬೇಕು. ಮುಂದಿನೋರು ಬನ್ನಿ!"

ಆಕೆ ಬರಿ ಬೆರಳಿನಲ್ಲೇ ಮನೆಗೆ ಹೋದಳು.

ಮತದಾನದ ದಿನ ಅಧಿಕಾರಿ ಸಾಲಿನ ಮೊದಲನೆಯವನ ಬೆರಳು ನೋಡಿದ. "ನಿಂದು ಆಗ್ಲೇ ಆಗಿದೆಯಲ್ಲ, ನಡಿ ಆಚೆ." ಎರಡನೆಯವನಿಗೂ ಅದೇ. ಮಸಿ ಇದ್ದವರಿಗೆ ಮತವಿಲ್ಲವೆಂಬುದು ಪೂರ್ವಿಕರ ನಿಯಮ. ಘನಗಂಭೀರರಾಯರನ್ನೂ ಬಿಡಲಿಲ್ಲ. ಚಂಪಕೇಶನನ್ನೂ ಬಿಡಲಿಲ್ಲ, ಅವನು ತನ್ನ ಬಗ್ಗೆ ತಾನೇ ಹರ್ಷ ಬರೆಸಿದ್ದ. ಸಾಲಿನಿಂದ ಹೊರಬಿದ್ದ ಜನ ಬಾಯಿಗೆ ಬಂದಂತೆ ಬೈದರು, ಮಂತ್ರಿಯನ್ನಲ್ಲ, ಒಬ್ಬರನ್ನೊಬ್ಬರು.

ಸಂಜೆ ನಾಲ್ಕಕ್ಕೆ ಪುಟ್ಟಲಿಂಗಮ್ಮ ಬಂದಳು. ಅಧಿಕಾರಿ ಆಕೆಯ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿ ಎದ್ದು ನಿಂತ. ಇಬ್ಬರು ಅಭ್ಯರ್ಥಿಗಳೂ ಓಡಿ ಬಂದರು.

"ತಾಯೀ, ಇಂಥ ಬೆರಳನ್ನು ಹತ್ತೊಂಬತ್ತು ವರ್ಷದಲ್ಲಿ ನಾನು ಕಂಡಿಲ್ಲ" ಎಂದರು ಘನಗಂಭೀರರಾಯರು.

"ಬೆರಳಿರ್ಲಿ ಬುದ್ಧಿ. ನಮ್ಮ ಚರಂಡಿ ಚಪ್ಪಡಿ ಹೋಗಿರೋದು ಕಂಡಿದ್ರಾ?"

ಚಂಪಕೇಶ ಕೈಮುಗಿದ. "ಅಮ್ಮಾ, ಚಪ್ಪಡಿ ಬೇಕೆಂಬ ನಿಮ್ಮ ಕನಸೇ ನನ್ನ ಕನಸು."

"ನಂಗೆ ಕನಸು ಬ್ಯಾಡಪ್ಪ, ಕಲ್ಲು ಬೇಕು. ಎರಡು ಮೊಳ ಅಗಲ."

ಇಬ್ಬರೂ ಎರಡು ಮೊಳ ಎಂದು ಅಂಗೈ ಮೇಲೆ ಬರೆದುಕೊಂಡರು. ಆಕೆ ಇಬ್ಬರ ಅಂಗೈಯನ್ನೂ ಸಾವಕಾಶವಾಗಿ ನೋಡಿ, ಒಳಗೆ ಹೋಗಿ ಮತ ಹಾಕಿ ಬಂದಳು.

ಆಸ್ಥಾನದಲ್ಲಿ ಸ್ತುತಿಸಾಗರ ಬೆವರಿದ. "ಪ್ರಭೋ, ಮತ ಗುಪ್ತವಾಗಿರಬೇಕು. ಇರುವುದೊಂದನ್ನೇ ಎಣಿಸಿದರೆ ಆ ಹೆಂಗಸು ಯಾರಿಗೆ ಹಾಕಿದಳೆಂದು ಲೋಕಕ್ಕೇ ತಿಳಿಯುತ್ತದೆ. ಎಣಿಸದಿದ್ದರೆ ಪ್ರಜೆಗಳ ತೀರ್ಪಿಗೆ ಅವಮಾನ."

"ತೀರ್ಪು ಈಗ ಎಲ್ಲಿದೆ?"

"ಪೆಟ್ಟಿಗೆಯೊಳಗಿದೆ ಪ್ರಭೋ."

"ಹಾಗಾದರೆ ಪೆಟ್ಟಿಗೆಯನ್ನೇ ಮೇಯರು ಮಾಡಿ."

ಆಸ್ಥಾನ ಚಪ್ಪಾಳೆಯಿಂದ ಕಿವುಡಾಯಿತು. ಅರಗಿನ ಮುದ್ರೆ ಹಾಕಿದ ಪೆಟ್ಟಿಗೆಗೆ ಪೇಟ ತೊಡಿಸಿದರು. ಒಳಗಿರುವವನು ನಮ್ಮವನೇ ಎಂದು ಎರಡು ಕಡೆಯವರೂ ಪಟಾಕಿ ಹೊಡೆದರು. ಇಬ್ಬರು ಅಭ್ಯರ್ಥಿಗಳೂ ಪೆಟ್ಟಿಗೆಯ ಸಲಹೆಗಾರರಾದರು, ಕ್ಯಾಬಿನೆಟ್ ದರ್ಜೆಯಲ್ಲಿ.

ಒಂದೇ ತೊಂದರೆ. ಪೆಟ್ಟಿಗೆ ಗಿಡ್ಡ, ಮೇಜಿನ ಹಿಂದೆ ಕಾಣುತ್ತಿರಲಿಲ್ಲ. ಪ್ರೋಟೋಕಾಲ್ ಪ್ರಕಾರ ಎತ್ತರದ ಕಲ್ಲಿನ ಪೀಠವಾಗಬೇಕು. ಪಟ್ಟಣದ ಚರಂಡಿಗಳ ಮೇಲಿನ ಚಪ್ಪಡಿಗಳನ್ನೆಲ್ಲ ಎತ್ತಿ ತರುವಂತೆ ಸಲಹೆಗಾರರು ಸಲಹೆ ಕೊಟ್ಟರು. ಅವರು ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಹಗ್ಗದ ಬೀದಿಗೆ ಬಂದ ಆಳುಗಳು ಪುಟ್ಟಲಿಂಗಮ್ಮನ ಮನೆ ಮುಂದೆ ಉಳಿದಿದ್ದ ಎರಡನ್ನೂ ಕಿತ್ತರು.

"ಅಯ್ಯೋ, ನಮ್ಮೆಜಮಾನ್ರು ಎದ್ದು ಆಚೆ ಹೆಂಗ್ ಬತ್ತಾರ್ರಪ್ಪಾ?"

"ನೀವೇ ಆರಿಸಿದ ಮೇಯರು ಕಣಮ್ಮ. ನಮ್ಮನ್ಯಾಕೆ ಕೇಳ್ತೀರಿ?"

ಪೆಟ್ಟಿಗೆಯ ಪಟ್ಟಾಭಿಷೇಕದ ದಿನ ಮಹಾರಾಜರು ಉಪ್ಪರಿಗೆಯಿಂದ ನೋಡಿದರು. ಬೀದಿಬೀದಿಯಲ್ಲೂ ಜನ ಬಾಯ್ದೆರೆದ ಚರಂಡಿಗಳನ್ನು ಎಗರಿ ಎಗರಿ ದಾಟುತ್ತಿದ್ದರು.

"ನೋಡಿದಿರಾ, ಪ್ರಜೆಗಳು ಹೇಗೆ ಕುಣಿಯುತ್ತಿದ್ದಾರೆ!" ಎಂದರು ಮಹಾರಾಜರು. ಆಮೇಲೆ ಹುಬ್ಬು ಗಂಟಿಕ್ಕಿದರು. ಹಗ್ಗದ ಬೀದಿಯಲ್ಲಿ ಒಬ್ಬ ಮುದುಕ ಹೊಸಿಲಿನ ಮೇಲೆ ಗೋಡೆ ಹಿಡಿದು ನಿಂತಿದ್ದ. ಚರಂಡಿಯ ಆಚೆ ಬದಿಯಲ್ಲಿ ಅವನ ಹೆಂಡತಿ ಕೈ ಚಾಚಿ ನಿಂತಿದ್ದಳು. ಕೈಗೆ ಕೈ ಎಟುಕುತ್ತಿರಲಿಲ್ಲ.

"ಆ ಹೆಂಗಸೇಕೆ ಕುಣಿಯುತ್ತಿಲ್ಲ?"

"ಆಕೆ ಆಡಳಿತ ಪಕ್ಷದವಳು ಪ್ರಭೋ" ಎಂದ ಸ್ತುತಿಸಾಗರ. "ಜವಾಬ್ದಾರಿಯಿಂದ ಗಂಭೀರವಾಗಿದ್ದಾಳೆ."