ಮ್ಯಾರಥಾನಿನ ದೂತರಿಗೆ ಆಡಮ್ಸ್‌ಟೌನಿನ ಹಿತ್ತಿಲಿನಿಂದ

ಮಾನ್ಯರೇ,

ಅಥೆನ್ಸಿಗೆ ಗೆಲುವಿನ ಸುದ್ದಿ ಹೊತ್ತು ಓಡಿದ ತಮ್ಮ ಪಾದಗಳಿಗೆ ನಮಸ್ಕಾರಗಳು. ತಮ್ಮ ಕ್ಷೇಮ ವಿಚಾರಿಸುವುದು ಪತ್ರದ ಮರ್ಯಾದೆ. ಆದರೆ ಸುದ್ದಿ ಹೇಳಿದೊಡನೆ ತಾವು ಕುಸಿದು ಸತ್ತಿರೆಂದು ಕಥೆಯಿರುವುದರಿಂದ ಆ ಭಾಗವನ್ನು ಬಿಟ್ಟಿದ್ದೇನೆ.

ನಾನು ಡಬ್ಲಿನ್ ಬಳಿಯ ಆಡಮ್ಸ್‌ಟೌನಿನ ರಜತ್. ಶಾಲೆಯನ್ನು ಕೊನೆಯ ವರ್ಷದಲ್ಲಿ ಬಿಟ್ಟವನು. ಈಜು, ಗಿಟಾರ್, ಪಿಜ್ಜಾ ಅಂಗಡಿಯ ಕೆಲಸಗಳನ್ನು ಅದಕ್ಕಿಂತ ಬೇಗ ಬಿಟ್ಟವನು. ತಮ್ಮ ನಾಡಿನವರ ತ್ರಿಕೋನಗಳಿಂದಾಗಿಯೇ ಶಾಲೆ ಬಿಟ್ಟೆನೆಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜವಾಗಿ ನನಗೆ ಕುಳಿತಲ್ಲಿ ಕೂರಲು ಬರುವುದಿಲ್ಲ. ಆದರೂ ತಮ್ಮವರ ಹಿಡಿತದಿಂದ ಪಾರಾಗಲಿಲ್ಲ. ಮನೆಯಲ್ಲಿ ಏನೇ ತೀರ್ಮಾನವಾಗಬೇಕಿದ್ದರೂ ತಮ್ಮ ಊರಿನವರಂತೆ ಕೈಯೆತ್ತಿ ಮತ ಹಾಕುತ್ತೇವೆ, ಅಮ್ಮ ಮತ್ತು ತಂಗಿ ಸಿಂಧು ಒಂದು ಕಡೆ, ನಾನು ಇನ್ನೊಂದು ಕಡೆ. ಪ್ರಜಾಪ್ರಭುತ್ವ ಪ್ರತಿ ಬಾರಿಯೂ ಗೆದ್ದಿದೆ. ಅಮ್ಮ, ಡಾಕ್ಟರ್ ವೇದಾವತಿ, ದಾವಣಗೆರೆಯಲ್ಲಿ ಓದು ಮುಗಿಸುವಾಗ ತಮ್ಮವರೇ ಬರೆದಿಟ್ಟ ವೈದ್ಯರ ಪ್ರತಿಜ್ಞೆಯನ್ನು ಕೈ ಚಾಚಿ ಹೇಳಿ, ಅದನ್ನು ನಂಬಿಯೂಬಿಟ್ಟಳು. ಅದರ ಫಲವಾಗಿ ಈ ಅಕ್ಟೋಬರಿನಲ್ಲಿ ಕೋವಿಡ್ ವಾರ್ಡಿನಿಂದ ರೋಗವನ್ನೇ ಹೊತ್ತು ತಂದು, ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದಳು.

ಬಾಗಿಲ ಬಳಿ ಇಟ್ಟ ತಟ್ಟೆ ಮುಟ್ಟದೆ ಹಾಗೇ ಇರುತ್ತಿತ್ತು. ಮಲಗಿಯೇ ಇರಬೇಡ, ಎದ್ದು ಕೂರು ಎಂದು ಜೊತೆಯ ಡಾಕ್ಟರುಗಳು ಫೋನಿನಲ್ಲಿ ಹೇಳಿದರೆ, ತಾನೇ ರೋಗಿಗಳಿಗೆ ಹೇಳಿ ಸಾಕಾಗಿದ್ದ ಆ ಮಾತನ್ನು ಕೇಳುವ ಮನಸ್ಸು ಅವಳಿಗಿರಲಿಲ್ಲ. ಆಗ ನನಗೆ ತಾವು ಹೊಳೆದಿರಿ. ನಾವು ಮನೆಬಿಟ್ಟು ಹೊರಡುವಂತಿರಲಿಲ್ಲ; ಹೀಗಾಗಿ ಇದ್ದಲ್ಲೇ ಓಡಿದರೂ ಫೋನಿನ ಆಪ್ ಹೆಜ್ಜೆ ಎಣಿಸಿಕೊಳ್ಳುವ ಮ್ಯಾರಥಾನೊಂದಕ್ಕೆ ಹೆಸರು ಕೊಟ್ಟೆ. ಹಿತ್ತಿಲನ್ನೇ ಸುತ್ತುತ್ತೇನೆ, ಒಂದೊಂದು ಕಿಲೋಮೀಟರಿಗೂ ಎದ್ದು ಕಿಟಕಿಗೆ ಬರಬೇಕು ಎಂದು ಬಾಗಿಲಾಚೆಯಿಂದ ಕೂಗಿದೆ. “ಇದನ್ನಾದ್ರೂ ಮುಗಿಸ್ತೀಯೇನೋ?” ಎಂದಳು. ಮುಗಿಸುತ್ತೇನೆ ಎಂದೆ.

ಮಾನ್ಯರೇ, ತಮ್ಮ ಹೆಸರಿನಲ್ಲಿ ನಿಗದಿಯಾದ ದೂರ ನಲವತ್ತೆರಡು ಕಿಲೋಮೀಟರ್. ಹುಲ್ಲು ಕೆಸರಾಗಿ, ನಾನು ಮೂವತ್ತೊಂದರಲ್ಲಿ ನಿಂತೆ. ಕಿಟಕಿ ಖಾಲಿ ಕಂಡು ಎದೆಯೊಡೆದು ನಿಂತೆನೆಂದು ಬರೆದರೆ ಪತ್ರಕ್ಕೆ ಶೋಭೆ ಬರುತ್ತಿತ್ತು, ಆದರೆ ಕಿಟಕಿ ಖಾಲಿಯಿರಲಿಲ್ಲ. ಅಮ್ಮ ಶಾಲು ಹೊದ್ದು, ಗಾಜಿಗೆ ಒರಗಿ, ಕೈ ಬೀಸುತ್ತಲೇ ಇದ್ದಳು. ಕೈಕೊಟ್ಟದ್ದು ನನ್ನ ಕಾಲು. ಬೇಲಿಯ ಬುಡದಲ್ಲಿ ಬಿದ್ದಿದ್ದ ನನ್ನ ಬಳಿ ಸಿಂಧು ಬಂದು, “ಫೋನ್ ಕೊಡೋ ಅಣ್ಣ, ಉಯ್ಯಾಲೆಗೆ ಕಟ್ಟಿ ತೂಗ್ತೀನಿ. ಆಪ್‌ಗೆ ಏನ್ ಗೊತ್ತಾಗುತ್ತೆ? ಇಟ್ಸ್ ಗ್ರ್ಯಾಂಡ್, ಏನೂ ಆಗಲ್ಲ,” ಎಂದಳು. ತಮ್ಮ ನಾಡಿನ ಜ್ಞಾನಿಗಳು ಸತ್ಯದ ಬಗ್ಗೆ ಅಷ್ಟು ಮಾತಾಡದೆ ಇದ್ದಿದ್ದರೆ ಕೊಟ್ಟುಬಿಡುತ್ತಿದ್ದೆ. ಅವರನ್ನು ಓದದವನನ್ನೂ ಅವರು ಕೆಡಿಸಿದ್ದಾರೆ.

ಕುಂಟುತ್ತ ಕಿಟಕಿಯ ಕೆಳಗೆ ಹೋದೆ. ತಾವು ಗೆದ್ದೆವೆಂದು ಹೇಳಿ ಸತ್ತಿರಿ. ನಾನು “ಅಮ್ಮಾ, ಆಗ್ಲಿಲ್ಲ” ಎಂದು ಹೇಳಿ, ಪಕ್ಕದ ಮನೆಯವರು ಬೇಲಿಯ ಮೇಲಿಂದ ನೋಡುತ್ತಿರಲು, ಬದುಕಿಯೇ ನಿಂತಿದ್ದೆ. ಅಮ್ಮ ಕೆಮ್ಮಿ, ಉಸಿರು ಕೂಡಿಸಿಕೊಂಡು, “ಮೊದ್ಲು ನೀರು ಕುಡಿ. ಉಳಿದಿದ್ದು ನಾಳೆ ಓಡು. ನಾನೆಲ್ಲಿಗೂ ಹೋಗಲ್ಲ, ಇಲ್ಲೇ ಇರ್ತೀನಿ,” ಎಂದಳು.

ಆದ್ದರಿಂದ ವಿನಂತಿಸಿಕೊಳ್ಳುವುದೇನೆಂದರೆ, ತಾವು ದಯಮಾಡಿ ಆ ದಿನಕ್ಕೆ ಹಿಂದಿರುಗಿ, ದಾರಿಯ ಯಾವುದಾದರೂ ಆಲಿವ್ ಮರದಡಿ ಮಲಗಿ, ಮರುದಿನ ಎದ್ದು ಹೊರಡಬೇಕು. ಗೆದ್ದ ಸುದ್ದಿ ಒಂದು ರಾತ್ರಿಗೆ ಹಳಸುವುದಿಲ್ಲ.

ಮೂವತ್ತೊಂದನೆಯ ಕಿಲೋಮೀಟರಿನವರೆಗೆ ತಮ್ಮ ವಿಶ್ವಾಸಿ,
ರಜತ್

ವಿ.ಸೂ.: ಉಳಿದದ್ದನ್ನು ಮರುದಿನ ಓಡಿದೆ. ಆಪ್ ಎರಡು ದಿನಗಳನ್ನು ಕೂಡಿಸಲು ಒಪ್ಪದೆ, ನಾನು ಎರಡು ಸಲ ಸೋತೆನೆಂದು ತೋರಿಸುತ್ತಿದೆ. ತಮ್ಮ ಸಾವಿಗೆ ಕಾರಣವೇನಿರಬಹುದೆಂದು ಅಮ್ಮನನ್ನು ಕೇಳಿದೆ. ನೀರು ಕುಡಿಯದೆ ಓಡುವವರ ಬಗ್ಗೆ ಮಾತಾಡಲು ತನಗೆ ಹೊತ್ತಿಲ್ಲ, ಊಟ ಮಾಡುತ್ತಿದ್ದೇನೆ ಎಂದಳು. ಸ್ವಲ್ಪ ಹೊತ್ತಿಗೆ ತಟ್ಟೆ ಬಾಗಿಲಿನಿಂದ ಹೊರಗೆ ಬಂತು, ಖಾಲಿಯಾಗಿ.