ಬಿದಿರು ಬಿಲ್ಲಿನ ಹದಿನೈದು ನಿಮಿಷ

ನಿಯಮಗಳನ್ನು ಪೂರ್ತಿ ಓದುವ ಮನುಷ್ಯನನ್ನು ಕಂಡರೆ ಜನಕ್ಕೆ ಆಗುವುದಿಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಬಸ್ ಟಿಕೆಟ್ಟಿನ ಹಿಂಭಾಗ, ಮಿಕ್ಸಿಯ ಗ್ಯಾರಂಟಿ ಕಾರ್ಡು, ಲಾಂಡ್ರಿಯವನ ರಸೀದಿಯ ಕೆಳಗಿನ ಇರುವೆಸಾಲಿನಂಥ ಅಕ್ಷರ, ಒಂದನ್ನೂ ನಾನು ಬಿಡುವವನಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಗಿರಿಜ ಇದನ್ನು ಜವಾಬ್ದಾರಿ ಎಂದುಕೊಂಡಿದ್ದಳಂತೆ. ಕಾಯಿಲೆ ಎಂದು ಗೊತ್ತಾಗುವಷ್ಟರಲ್ಲಿ ಮಗಳು ಹುಟ್ಟಿದ್ದಳು, ಹಾಗಾಗಿ ಸುಮ್ಮನಾದಳಂತೆ. ಉದ್ಯೋಗವೂ ನನಗೆ ತಕ್ಕದ್ದೇ ಸಿಕ್ಕಿತ್ತು. ಮದ್ದೂರಿನಿಂದ ಚೆನ್ನೈಗೆ ಬಂದು ಗಿಂಡಿಯ ಕೈಗಾರಿಕಾ ಎಸ್ಟೇಟಿನಲ್ಲಿ, ಪಂಪಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗಕ್ಕೆ ಸೇರಿದ್ದೆ. ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ತಳ್ಳುವುದು ನನ್ನ ಕೆಲಸ. ಕ್ಯಾಂಟೀನಿನಲ್ಲಿ ನಾನು ಕೂತ ಮೇಜಿಗೆ ಯಾರಾದರೂ ತಾವಾಗಿ ಬಂದು ಕೂತದ್ದು ನೆನಪಿಲ್ಲ.

ನಮ್ಮ ಮಗಳು ಅಪರ್ಣನಿಗೆ ಹನ್ನೆರಡು ವರ್ಷವಾದಾಗ ಬಿಲ್ಲುಗಾರಿಕೆಯ ಹುಚ್ಚು ಹಿಡಿಯಿತು. ಬೇಸಿಗೆ ರಜೆಯಲ್ಲಿ ಶಾಲೆಯ ಪಕ್ಕದ ಮೈದಾನದಲ್ಲಿ ಶಿಬಿರ ನಡೆದಿತ್ತು. ರಜೆ ಮುಗಿದರೂ ಇವಳು ಬಿಡಲಿಲ್ಲ. ಮನೆಯಲ್ಲಿ ನಾವು ಕನ್ನಡದಲ್ಲಿ ಮಾತಾಡಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ. ‘ಹುಷಾರಾಗಿ ಹೋಗಮ್ಮ’ ಅಂದರೆ ‘ಸರಿಪ್ಪಾ’ ಎಂದು ಚಪ್ಪಲಿ ಮೆಟ್ಟಿಕೊಳ್ಳುವಳು. ಭಾನುವಾರಗಳಲ್ಲಿ ಅವಳನ್ನು ಮೈದಾನಕ್ಕೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಅಲ್ಲಿ ಕೂತು ಕೂತು ನನಗೆ ಈ ಆಟದ ಜಾತಿಪದ್ಧತಿ ಅರ್ಥವಾಯಿತು. ಹಣವಿದ್ದವರ ಮಕ್ಕಳ ಬಿಲ್ಲು ವಿಮಾನದಲ್ಲಿ ಬಂದದ್ದು. ಅದಕ್ಕೆ ಗುರಿ ಹಿಡಿಯಲು ಒಂದು ಸಾಧನ, ಅಲುಗದಂತೆ ಹಿಡಿದಿಡಲು ಉದ್ದನೆಯ ಕಡ್ಡಿಗಳು. ನೋಡಿದರೆ ಟಿವಿ ಆಂಟೆನಾ ಹಿಡಿದು ನಿಂತಂತೆ ಕಾಣುತ್ತಿದ್ದರು. ಅಪರ್ಣನೂ ಸೇರಿ ಮಿಕ್ಕವರದು ಬಿದಿರಿನ ಬಿಲ್ಲು. ಇವರಿಬ್ಬರನ್ನೂ ಒಟ್ಟಿಗೆ ನಿಲ್ಲಿಸಿದರೆ ಅನ್ಯಾಯವಾಗುತ್ತದೆಂದು ಬಿದಿರಿಗೆ ಬೇರೆಯೇ ವರ್ಗ, ಬೇರೆಯೇ ಪದಕ. ಬಿದಿರಿನವರು ಬರಿಗಣ್ಣಿನಿಂದಲೇ ಗುರಿ ಹಿಡಿಯಬೇಕು. ಬಿಲ್ಲಿನ ಮೇಲೆ ಗುರಿಗೆ ನೆರವಾಗುವಂಥ ಗುರುತು, ಗೀರು, ಕಲೆ ಯಾವುದೂ ಇರಬಾರದು.

ಇದೆಲ್ಲ ನನಗೆ ತಿಳಿದದ್ದು ಕೋಚ್ ದುರೈ ಹಂಚಿದ ಝೆರಾಕ್ಸ್ ಹಾಳೆಗಳಿಂದ. ಮಿಕ್ಕ ತಂದೆತಾಯಿಗಳು ಅದರಲ್ಲಿ ಗಾಳಿ ಬೀಸಿಕೊಂಡರು. ನಾನು ಮೂರು ಸಲ ಓದಿ, ಮುಖ್ಯವಾದ ಕಡೆ ಗೆರೆ ಎಳೆದು, ಫೈಲು ಮಾಡಿದೆ. ಬಿದಿರು ಎಂದಮೇಲೆ ಗೆಣ್ಣು ಇದ್ದೇ ಇರುತ್ತದಲ್ಲ, ಅದು ಕಲೆಯೋ ಅಲ್ಲವೋ ಎಂದು ದುರೈಯವರನ್ನು ಕೇಳಿದೆ. ಅವರು ನನ್ನ ಫೈಲನ್ನು ನೋಡಿ, ‘ಸಾರ್, ನೀಂಗ ಕಾಫಿ ಕುಡಿಚೀಂಗಳಾ?’ ಎಂದರು. ಕಾಫಿ ಕುಡಿದು ಬಂದೆ. ಉತ್ತರ ಸಿಗಲಿಲ್ಲ.

ಆ ಬಿದಿರಿನ ವರ್ಗದಲ್ಲಿ ಮಲರ್ ಎಂಬ ಹುಡುಗಿ ಇದ್ದಳು. ಅಪರ್ಣನ ವಯಸ್ಸೇ. ಕಾಸಿಮೇಡಿನ ಮೀನುಗಾರರ ಕೇರಿಯವಳು, ತಂದೆ ದೋಣಿಯಲ್ಲಿ ಹೋಗುವವರು. ಎರಡು ಬಸ್ಸು ಬದಲಾಯಿಸಿ ಎಲ್ಲರಿಗಿಂತ ಮೊದಲು ಬಂದಿರುತ್ತಿದ್ದಳು. ಮಾತು ಕಡಿಮೆ. ಬಾಣ ಬಿಡುವಾಗ ಅವಳ ಮುಖ ನಿದ್ದೆ ಮಾಡುವ ಮಗುವಿನಷ್ಟು ಶಾಂತವಾಗಿರುತ್ತಿತ್ತು. ಅಪರ್ಣನಿಗೂ ಅವಳಿಗೂ ಒಳ್ಳೆಯ ಗೆಳೆತನ. ಗಿರಿಜ ಕಟ್ಟಿಕೊಟ್ಟ ಕೋಡುಬಳೆಯಲ್ಲಿ ಅರ್ಧ ಯಾವಾಗಲೂ ಕಾಸಿಮೇಡಿಗೆ ಹೋಗುತ್ತಿತ್ತು.

ಜಿಲ್ಲಾ ಮಟ್ಟದ ಸ್ಪರ್ಧೆ ಬಂತು. ಕೊನೆಯ ಸುತ್ತಿನ ಹೊತ್ತಿಗೆ ಮಲರ್ ಮೂರನೆಯ ಸ್ಥಾನದಲ್ಲಿ, ಅಪರ್ಣ ನಾಲ್ಕನೆಯದರಲ್ಲಿ. ಮೂರನೆಯವರೆಗೆ ಪದಕ, ರಾಜ್ಯ ಮಟ್ಟಕ್ಕೆ ಆಯ್ಕೆ. ಹಗ್ಗದ ಆಚೆ ನಿಂತು ನೋಡುತ್ತಿದ್ದ ನನಗೆ ಮಲರ್‌ನ ಬಿಲ್ಲಿನ ಹಿಡಿಯ ಮೇಲುಗಡೆ ನೀಲಿ ದಾರ ಸುತ್ತಿದ್ದು ಕಾಣಿಸಿತು. ಹೆದೆ ಎಳೆದಾಗ ಸರಿಯಾಗಿ ಕಣ್ಣಿನ ನೇರಕ್ಕೆ ಬರುವ ಜಾಗ. ಆ ದಾರದ ಅಂಚನ್ನು ಗುರಿಗೆ ಹೊಂದಿಸಿಕೊಂಡರೆ ಅದು ಗುರುತೇ ಆಯಿತಲ್ಲ? ಬೆಳಿಗ್ಗೆ ಬಿಲ್ಲು ಪರೀಕ್ಷೆ ಮಾಡಿದವರ ಕಣ್ಣಿಗೆ ಇದು ಬಿದ್ದಿರಲಿಲ್ಲ. ಇದು ಮಗಳಿಗಾಗಿ ಅಲ್ಲ, ನ್ಯಾಯಕ್ಕಾಗಿ ಎಂದು ನನಗೆ ನಾನೇ ಎರಡು ಸಲ ಹೇಳಿಕೊಂಡೆ. ನ್ಯಾಯಕ್ಕಾಗಿ ಎಂದು ಒಂದಕ್ಕಿಂತ ಹೆಚ್ಚು ಸಲ ಹೇಳಿಕೊಳ್ಳಬೇಕಾಗಿ ಬಂದರೆ ಅನುಮಾನ ಪಡಬೇಕೆಂಬುದು ಆಗ ಹೊಳೆಯಲಿಲ್ಲ. ಜಡ್ಜ್ ಮೇಡಂ ಹತ್ತಿರ ಹೋಗಿ, ಫೈಲು ತೆರೆದು, ಗೆರೆ ಎಳೆದ ಸಾಲನ್ನು ತೋರಿಸಿದೆ.

ಆಕೆ ಮಲರ್‌ನ ಬಿಲ್ಲನ್ನು ಕೈಗೆ ತೆಗೆದುಕೊಂಡು ಇದೇನೆಂದು ಕೇಳಿದರು.

‘ವಿರಿಸಲ್ ವಿಟ್ಟಿರುಕ್ಕು ಮೇಡಂ. ಅಪ್ಪಾ ಕಟ್ಟಿ ಕುಡುತ್ತಾರು,’ ಎಂದಳು ಮಲರ್. ಬಿಲ್ಲು ಬಿರುಕು ಬಿಟ್ಟಿತ್ತು. ಅಪ್ಪ ಬಲೆ ಹೊಲಿಯುವ ದಾರ ಸುತ್ತಿ ಕಟ್ಟಿಕೊಟ್ಟಿದ್ದರು.

ಜಡ್ಜ್ ಮೇಡಂ ಕೆಟ್ಟವರಲ್ಲ. ದಾರ ಬಿಚ್ಚಿ ಆಡು, ಇಲ್ಲವೇ ಬೇರೆ ಬಿಲ್ಲಿನಲ್ಲಿ ಆಡು ಎಂದರು. ಕೈಗೆ ಪಳಗಿದ ಬಿಲ್ಲನ್ನು ಕೊನೆಯ ಸುತ್ತಿನಲ್ಲಿ ಯಾರು ಬಿಡುತ್ತಾರೆ? ಮಲರ್ ಕೂತು ಹಲ್ಲಿನಿಂದ ಗಂಟು ಬಿಚ್ಚಿದಳು. ಮೊದಲನೆಯ ಬಾಣ ಗುರಿಹಲಗೆಯ ನಟ್ಟನಡುವಿನ ಹಳದಿಯಲ್ಲಿ ನಾಟಿತು. ಎರಡನೆಯದೂ ಅಲ್ಲೇ ಪಕ್ಕದಲ್ಲಿ. ದಾರವಿಲ್ಲದೆಯೂ ಅವಳ ಗುರಿ ತಪ್ಪಲಿಲ್ಲವೆಂಬುದು ನನಗೆ ಆ ಕ್ಷಣವೇ ಗೊತ್ತಾಗಿಹೋಯಿತು. ಮೂರನೆಯದಕ್ಕೆ ಹೆದೆ ಎಳೆಯುತ್ತಿದ್ದಾಗ ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಪುಣ್ಯಕ್ಕೆ ಏಟಾಗಲಿಲ್ಲ. ಬಿಲ್ಲಿನ ಮೇಲಿನ ಅರ್ಧ ಹೆದೆಯಿಂದ ಜೋತಾಡುತ್ತಿತ್ತು.

ಅಷ್ಟು ಹೊತ್ತಿಗೆ ಜಡ್ಜ್ ಮೇಡಂ ಮೈದಾನದ ಇನ್ನೊಂದು ತುದಿಯಲ್ಲಿ, ಗುರಿಹಲಗೆಯ ಎರಡು ಬಣ್ಣಗಳ ನಡುವಿನ ಗೆರೆಯ ಮೇಲೆ ನಾಟಿದ ಯಾವುದೋ ಬಾಣದ ಜಗಳ ಬಿಡಿಸಲು ಹೋಗಿದ್ದರು. ದುರೈಯವರು ದೊಡ್ಡ ಹುಡುಗರ ಕಡೆ ಇದ್ದರು. ಅಂಕ ಬರೆಯುವವರೊಬ್ಬರು ಕನಿಕರದಿಂದಲೇ, ‘ಅವ್ವಳವುದಾನ್, ಉಕ್ಕಾರುಮ್ಮಾ,’ ಎಂದರು. ಇನ್ನು ಆಯಿತು, ಕೂತುಕೊಳ್ಳಮ್ಮ ಎಂದು. ಮಲರ್ ಹೋಗಿ ಬೇವಿನ ಮರದ ಕೆಳಗೆ ಕೂತಳು.

ಆಗಿರಲಿಲ್ಲ. ನನ್ನ ಫೈಲಿನ ನಾಲ್ಕನೆಯ ಹಾಳೆಯಲ್ಲಿತ್ತು: ಸಲಕರಣೆ ಮುರಿದರೆ ಹದಿನೈದು ನಿಮಿಷದೊಳಗೆ ಬೇರೆಯದನ್ನು ತಂದು ಉಳಿದ ಬಾಣಗಳನ್ನು ಬಿಡಬಹುದು. ಅದಕ್ಕೂ ನಾನು ಗೆರೆ ಎಳೆದಿದ್ದೆ. ಶಿಬಿರದ ಹೆಚ್ಚುವರಿ ಬಿದಿರು ಬಿಲ್ಲುಗಳು ಮೂರು ಅದೇ ಮರಕ್ಕೆ ಒರಗಿಕೊಂಡಿದ್ದವು. ಹತ್ತು ಹೆಜ್ಜೆ ನಡೆದು ಒಂದು ಮಾತು ಹೇಳಬೇಕಿತ್ತು. ಕೇಳಿದರೆ ಹೇಳೋಣ ಎಂದುಕೊಂಡೆ. ಯಾರೂ ಕೇಳಲಿಲ್ಲ. ಜಡ್ಜ್ ಮೇಡಂ ಬರಲಿ ಎಂದುಕೊಂಡೆ. ಅವರು ಬರಲಿಲ್ಲ. ಗಡಿಯಾರ ನೋಡಿದೆ, ಏಳು ನಿಮಿಷವಾಗಿತ್ತು. ಮತ್ತೆ ನೋಡಿದೆ, ಹನ್ನೊಂದು. ಕಾರ್ಖಾನೆಯಲ್ಲಿ ಸಂಬಳದ ದಿನವೂ ನಾನು ಗಡಿಯಾರವನ್ನು ಅಷ್ಟು ಸಲ ನೋಡಿದವನಲ್ಲ. ಹದಿನೈದು ದಾಟಿದ ಮೇಲೆ ನನಗೆ ಉಸಿರು ಸರಾಗವಾಯಿತು. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಅಪರ್ಣನಿಗೆ ಮೂರನೆಯ ಸ್ಥಾನ ಬಂತು. ಬಸ್ಸಿನಲ್ಲಿ ಪದಕವನ್ನು ಬ್ಯಾಗಿನೊಳಗೆ ಹಾಕಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ಕೋಯಂಬೇಡು ದಾಟಿದ ಮೇಲೆ, ಬಿಲ್ಲು ಮುರಿದರೆ ಏನು ಮಾಡಬೇಕೆಂದು ರೂಲ್ ಇಲ್ಲವಾ ಎಂದು ತಮಿಳಿನಲ್ಲಿ ಕೇಳಿದಳು. ‘ನೋಡಬೇಕು’ ಎಂದೆ. ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಫೈಲು ತೆಗೆದು ಅವಳೇ ನೋಡಿದಳು. ನಾಲ್ಕನೆಯ ಹಾಳೆಯನ್ನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಚ್ಚ ಕನ್ನಡದಲ್ಲಿ, ನನಗೆ ತಪ್ಪದೆ ಅರ್ಥವಾಗಲಿ ಎಂಬಂತೆ, ‘ನಿಂಗೆ ಗೊತ್ತಿತ್ತು ಅಲ್ವಾ ಅಪ್ಪ?’ ಎಂದಳು. ಗೆರೆ ನನ್ನದೇ, ಪೆನ್ಸಿಲೂ ನನ್ನದೇ. ಇಲ್ಲವೆನ್ನಲು ಜಾಗವಿರಲಿಲ್ಲ.

ಗಿರಿಜ ಒಲೆ ಆರಿಸಿ ಬಂದು ಎಲ್ಲವನ್ನೂ ಕೇಳಿದಳು. ‘ಅಲ್ಲಾ ಕಣ್ರೀ, ಆ ಮಗು ಅಲ್ಲಿ ಕೂತ್ಕೊಂಡಿದ್ರೆ ನೀವು ಗಡಿಯಾರ ನೋಡ್ತಾ ನಿಂತಿದ್ರಾ?’ ಎಂದಳು. ಆಮೇಲೆ ತಟ್ಟೆ ಹಾಕಿದಳು. ಬೈದಿದ್ದರೆ ಊಟ ಸೇರುತ್ತಿತ್ತು.

ಸ್ಪರ್ಧೆ ನಡೆಸಿದ ಸಂಘದವರಿಗೆ ನಡೆದದ್ದನ್ನೆಲ್ಲ ತಿಳಿಸಿ ಪತ್ರ ಬರೆದೆ. ಆಕ್ಷೇಪಣೆಯನ್ನು ಫಲಿತಾಂಶ ಪ್ರಕಟವಾದ ಸ್ವಲ್ಪ ಹೊತ್ತಿನೊಳಗೇ ಸಲ್ಲಿಸಬೇಕು, ಈಗ ಅವಧಿ ಮೀರಿದೆ ಎಂದು ಉತ್ತರ ಬಂತು. ಅದೂ ನನ್ನ ಫೈಲಿನಲ್ಲಿದ್ದ ಸಂಗತಿಯೇ. ಮುಂದಿನ ಭಾನುವಾರ ಅಪರ್ಣ ತನ್ನ ಬಿಲ್ಲನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು, ‘ಕಾಸಿಮೇಡಿಗೆ ಹೋಗೋಣ’ ಎಂದಳು. ನಾವು ತಲುಪಿದಾಗ ಮೀನಿನ ಹರಾಜು ಮುಗಿದು, ನೆಲವೆಲ್ಲ ನೀರು, ಹುರುಪೆ. ಸಸ್ಯಾಹಾರಿಯಾದ ನಾನು ಮೂಗು ಮುಚ್ಚಿಕೊಳ್ಳುವುದು ಮರ್ಯಾದೆಯಲ್ಲವೆಂದು ಬಾಯಿಯಿಂದ ಉಸಿರಾಡುತ್ತ ನಡೆದೆ. ಮಲರ್‌ನ ತಂದೆ ಬಲೆ ಹರಡಿಕೊಂಡು ಕೂತಿದ್ದರು. ಅಪರ್ಣ ಬಿಲ್ಲನ್ನು ಮಲರ್‌ನ ಕೈಗೆ ಕೊಟ್ಟು, ದಾರದ ವಿಷಯ ಹೇಳಿದ್ದು ಅಪ್ಪ ಎಂದೂ, ಹದಿನೈದು ನಿಮಿಷದ ವಿಷಯ ಹೇಳದೇ ಇದ್ದದ್ದೂ ಅಪ್ಪನೇ ಎಂದೂ ಒಂದೇ ಉಸಿರಿನಲ್ಲಿ ತಮಿಳಿನಲ್ಲಿ ಹೇಳಿಬಿಟ್ಟಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಿಗೆ ಕೆಲಸವಿಲ್ಲದಂತಾಯಿತು.

ಆತ ಸೂಜಿ ನಿಲ್ಲಿಸಿ ನನ್ನನ್ನು ನೋಡಿದರು. ‘ಪರವಾಯಿಲ್ಲ ಸಾರ್. ಪೆತ್ತ ಪೊಣ್ಣುಕ್ಕಾಗ ಯಾರುಮೇ ಅಪ್ಪಡಿತ್ತಾನ್,’ ಎಂದರು. ಹೆತ್ತ ಮಗಳಿಗಾಗಿ ಯಾರಾದರೂ ಹಾಗೇ ಮಾಡುವುದು. ಆಮೇಲೆ ಟೀ ತರಿಸಿದರು. ನಾನು ಯಾರ ಹಾಗೂ ಅಲ್ಲ, ನಿಯಮದ ಮನುಷ್ಯ ಎಂಬುದೊಂದೇ ನನ್ನ ಸೊತ್ತಾಗಿತ್ತು. ಆತ ಅದನ್ನು ಕ್ಷಮಿಸುವ ನೆಪದಲ್ಲಿ ಕಿತ್ತುಕೊಂಡರು. ಟೀ ಚೆನ್ನಾಗಿತ್ತು.

ಅಪರ್ಣ ರಾಜ್ಯ ಮಟ್ಟಕ್ಕೆ ಹೋಗಲಿಲ್ಲ. ಮತ್ತೆ ಬಿಲ್ಲನ್ನೂ ಹಿಡಿಯಲಿಲ್ಲ. ಕಾರಣ ಕೇಳಿದರೆ ಪರೀಕ್ಷೆ ಎಂದಳು. ಮಲರ್ ಅವಳ ಬಿಲ್ಲಿನಲ್ಲಿ ಮುಂದಿನ ಎರಡು ವರ್ಷ ಪದಕ ಗೆದ್ದಳು.

ಆಮೇಲೆ ಒಂದು ಸಂಜೆ ಮಲರ್ ನಮ್ಮ ಮನೆಗೆ ಬಂದಳು. ಬಿಲ್ಲನ್ನು ವಾಪಸು ತಂದಿದ್ದಳು. ಬಿದಿರಿನ ವರ್ಗ ಇಲ್ಲಿಗೇ ನಿಲ್ಲುತ್ತದೆ, ದೇಶದ ಆಚೆಯ ಸ್ಪರ್ಧೆಗಳೆಲ್ಲ ಆಂಟೆನಾ ಬಿಲ್ಲಿನವರಿಗೆ ಎಂದು ದುರೈಯವರು ಹೇಳಿದರಂತೆ. ‘ನೀಂಗ ಎಲ್ಲಾ ರೂಲ್ಸೂ ಪಡಿಚಿರುಕ್ಕೀಂಗ ಸಾರ್. ಎದಾವದು ವಳಿ ಇರುಕ್ಕಾ?’ ಎಂದಳು. ನೀವು ರೂಲ್ಸೆಲ್ಲ ಓದಿದ್ದೀರಿ, ಏನಾದರೂ ದಾರಿ ಇದೆಯಾ ಎಂದು. ಜೀವನದಲ್ಲಿ ಮೊದಲ ಸಲ ಒಬ್ಬರು ತಾವಾಗಿ ಬಂದು ನನ್ನನ್ನು ನಿಯಮ ಕೇಳಿದ್ದರು.

ಅವಳನ್ನು ಕೂರಿಸಿ ಫೈಲು ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದೆ. ಯಾವ ಸ್ಪರ್ಧಿಯಾದರೂ ಯಾವ ವರ್ಗದಲ್ಲಾದರೂ ಆಡಬಹುದು. ತಡೆಯೆಂಬುದು ಎಲ್ಲಿಯೂ ಇಲ್ಲ. ಸಲಕರಣೆ ಮಾತ್ರ ಆ ವರ್ಗದ್ದಾಗಿರಬೇಕು. ಇದನ್ನು ತಮಿಳಿನಲ್ಲಿ, ನಿಧಾನವಾಗಿ, ಅವಳಿಗೆ ಹೇಳಿದೆ.

‘ಅಪ್ಪೋ ನಾನ್ ಪೋಗಲಾಮಾ?’ ಎಂದಳು. ಹಾಗಾದರೆ ನಾನು ಹೋಗಬಹುದಾ?

‘ರೂಲ್ ಪಡಿ ಪೋಗಲಾಂ,’ ಎಂದೆ. ನಿಯಮದ ಪ್ರಕಾರ ಹೋಗಬಹುದು; ವಿಮಾನದಲ್ಲಿ ಬರುವ ಬಿಲ್ಲಿಗೆ ದೋಣಿಯವರ ಮಗಳು ಹಣ ಎಲ್ಲಿಂದ ತರಬೇಕೆಂಬುದು ನಿಯಮದಲ್ಲಿರಲಿಲ್ಲ.

ಅವಳು ಸ್ವಲ್ಪ ನಕ್ಕಳು. ಗಿರಿಜ ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು, ಅಪರ್ಣನ ಕೋಣೆಗೆ ಹೋಗಿ ಎರಡು ಮಾತಾಡಿ, ಬಿಲ್ಲನ್ನು ಬಾಗಿಲ ಹಿಂದೆ ಒರಗಿಸಿ ಹೊರಟುಹೋದಳು. ಗಿರಿಜ ಲೋಟ ತೆಗೆಯುತ್ತ, ‘ಏನಂದ್ರಿ ಆ ಹುಡುಗೀಗೆ?’ ಎಂದು ಕೇಳಿದಳು. ‘ಇರೋದನ್ನ ಹೇಳ್ದೆ’ ಎಂದೆ. ನಿಜವೇ. ಈ ಸಲ ನಾನು ಒಂದಕ್ಷರವನ್ನೂ ಮುಚ್ಚಿಟ್ಟಿರಲಿಲ್ಲ. ಅದರಿಂದ ಅವಳಿಗಾದ ಉಪಯೋಗ, ಮುಚ್ಚಿಟ್ಟಾಗ ಆದಷ್ಟೇ.